ದಿನಾ 1600 ಓಡಿದರೂ ಟೈಮಿಂಗ್ ಯಾಕೆ ಇಳಿಯುವುದಿಲ್ಲ? ನರ, ಸ್ನಾಯು ಎರಡನ್ನೂ ತಯಾರು ಮಾಡುವ ಬಗೆ

ಪೊಲೀಸ್ ಅಥವಾ ಅಗ್ನಿವೀರ್ ನೇಮಕಾತಿ ಹತ್ತಿರ ಬಂತು ಅಂದರೆ ಒಂದೇ ಪ್ರಶ್ನೆ ನಾಲ್ಕೂ ಕಡೆಯಿಂದ ಬರುತ್ತದೆ. ಕಾರವಾರದವರು ಕೇಳುತ್ತಾರೆ, ಶಿರಸಿಯವರು ಕೇಳುತ್ತಾರೆ, ಹಳಿಯಾಳ, ಭಟ್ಕಳದವರೂ ಬಿಡುವುದಿಲ್ಲ. "ಸರ್, ದಿನಾ 1600 ಮೀಟರ್ ಓಡ್ತಾ ಇದ್ದೇನೆ. ಮೊದಮೊದಲು ಟೈಮಿಂಗ್ ಚೆನ್ನಾಗಿ ಇಳೀತು. ಈಗ ಅಲ್ಲೇ ನಿಂತುಬಿಟ್ಟಿದೆ. ಸ್ಪ್ರಿಂಟ್ ಹೊಡೀಬೇಕೋ, ಲಾಂಗ್ ರನ್ ಮಾಡಬೇಕೋ?"

ಎರಡೂ ಮಾಡಬೇಕು. ಆದರೆ ಎರಡನ್ನೂ ಒಂದೇ ಓಟದಲ್ಲಿ ಕಲಸಬಾರದು. ಸ್ಪ್ರಿಂಟ್, ಅಂದರೆ ಚಿಕ್ಕ ದೂರವನ್ನು ಪೂರ್ತಿ ಜೋರಾಗಿ ಓಡುವುದು, ಹೆಚ್ಚಿನಂಶ ನರದ ಅಭ್ಯಾಸ. ಅದಕ್ಕೆ ದಣಿಯದ ಮೈ ಬೇಕು. ದೂರದ ಓಟ ಹೆಚ್ಚಿನಂಶ ಸ್ನಾಯುವಿನ ಮತ್ತು ರಕ್ತನಾಳಗಳ ಕೆಲಸ. ಅದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು. ದಿನಾ ಬೆಳಿಗ್ಗೆ ಮೈದಾನಕ್ಕೆ ಬಂದು ಅದೇ 1600 ಅನ್ನು ಏದುಸಿರು ಬಿಡುತ್ತಾ ಓಡಿ ಮನೆಗೆ ಹೋದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ನರ ಕಲಿಯುವಷ್ಟು ವೇಗ ಅದರಲ್ಲಿಲ್ಲ, ಸ್ನಾಯು ಬದಲಾಗುವಷ್ಟು ಹೊತ್ತೂ ಅಲ್ಲ.

ಗುರಿ ಏನು ಅಂತ ಮೊದಲು ಗೊತ್ತಿರಲಿ. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಂಗಸರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿ.ಮೀ.ಗೆ 5 ನಿಮಿಷ 30 ಸೆಕೆಂಡಿನೊಳಗೆ ಬಂದರೆ ಪೂರ್ತಿ 60 ಅಂಕ. ನಿಯಮ ಆಗಾಗ ಬದಲಾಗುತ್ತದೆ, ಹಾಗಾಗಿ ನಿಮ್ಮ ವರ್ಷದ ಅಧಿಸೂಚನೆ ತೆಗೆದು ನೋಡಿಯೇ ಗುರಿ ಬರೆದುಕೊಳ್ಳಿ. ಸುಮ್ನೆ ಗೆಳೆಯ ಹೇಳಿದ ಅಂತ ನಂಬಬೇಡಿ.

ಮೊದಲು, ಕಾಲಿನೊಳಗೆ ಏನಾಗುತ್ತದೆ

ಇದನ್ನು ಹಾರಿಸಿ ನೇರ ಹಂತಗಳಿಗೆ ಹೋಗಬೇಡಿ. ಕಾರಣ ಗೊತ್ತಿಲ್ಲದಿದ್ದರೆ ಎರಡನೇ ವಾರಕ್ಕೇ ನಿಮ್ಮ ಮನಸ್ಸಿಗೆ ಬಂದಂತೆ ಬದಲಾಯಿಸುತ್ತೀರಿ.

ಬೆನ್ನುಹುರಿಯಿಂದ ಹೊರಟ ಒಂದು ನರಕೋಶ ಸ್ನಾಯುವಿಗೆ ಬಂದು, ಅಲ್ಲಿ ಕವಲೊಡೆದು ಎಷ್ಟೋ ಸ್ನಾಯು ಎಳೆಗಳಿಗೆ (ಫೈಬರ್) ಸೇರುತ್ತದೆ. ಆ ನರಕೋಶ ಮತ್ತು ಅದರ ಎಳೆಗಳು ಸೇರಿದರೆ ಒಂದು ಮೋಟಾರ್ ಯೂನಿಟ್. ಊರಿನ ಟ್ರಾನ್ಸ್‌ಫಾರ್ಮರ್ ಇದ್ದ ಹಾಗೆ ಅಂದುಕೊಳ್ಳಿ: ಲೈನ್ ಬಂದರೆ ಅದಕ್ಕೆ ಸೇರಿದ ಎಲ್ಲ ಮನೆಗೂ ಕರೆಂಟ್, ಹೋದರೆ ಎಲ್ಲರಿಗೂ ಹೋಯಿತು. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಒಂದು ನರಕೋಶದ ಕೆಳಗೆ ಬೆರಳೆಣಿಕೆಯಷ್ಟು ಎಳೆ ಇದ್ದರೆ, ಮೀನಖಂಡದಂಥ ದೊಡ್ಡ ಸ್ನಾಯುವಿನಲ್ಲಿ ಸಾವಿರಕ್ಕೂ ಹೆಚ್ಚಿರಬಹುದು.

ಎಳೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಿಧಾನ ಎಳೆ ಮೆಲ್ಲಗೆ ಎಳೆಯುತ್ತದೆ, ಬೇಗ ದಣಿಯುವುದಿಲ್ಲ, ಆಮ್ಲಜನಕ ಬಳಸಿ ಕೆಲಸ ಮಾಡುತ್ತದೆ. ವೇಗದ ಎಳೆ ಜೋರಾಗಿ ಎಳೆದು ಬೇಗ ಸುಸ್ತಾಗುತ್ತದೆ. ವೇಗದ ಎಳೆಯಲ್ಲೂ ಎರಡು ಜಾತಿ ಇವೆ: ಸ್ವಲ್ಪ ತಾಳಿಕೆ ಇರುವ 2ಎ, ತಾಳಿಕೆಯೇ ಇಲ್ಲದ 2ಎಕ್ಸ್.

ಯಾವುದನ್ನು ಮೊದಲು ಕರೆಯಬೇಕು ಅನ್ನುವುದಕ್ಕೆ ಒಂದು ಸರದಿ ಇದೆ. ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ನಿಯಮ ಇದು. ಸಣ್ಣ ನರಕೋಶ ಮೊದಲು ಏಳುತ್ತದೆ, ಅದರ ಜತೆ ನಿಧಾನ ಎಳೆಗಳು. ಬಲ ಜಾಸ್ತಿ ಬೇಕಾದ ಹಾಗೆ ದೊಡ್ಡ ನರಕೋಶಗಳು ಏಳುತ್ತವೆ, ಅವುಗಳ ಕೆಳಗೆ ವೇಗದ ಎಳೆಗಳು. ಅಂದರೆ ನೀವು ಮಾತಾಡುತ್ತಾ ಜಾಗ್ ಮಾಡುವಾಗ ಅತಿ ದೊಡ್ಡ ಮೋಟಾರ್ ಯೂನಿಟ್‌ಗಳು ನಿದ್ದೆಯಲ್ಲೇ ಇರುತ್ತವೆ. ಅವನ್ನು ಎಬ್ಬಿಸಬೇಕಾದರೆ ಪೂರ್ತಿ ಜೋರಾಗಿ ಓಡಬೇಕು, ಇಲ್ಲವೇ ಏರು ಹತ್ತಬೇಕು, ಇಲ್ಲವೇ ಭಾರ ಎತ್ತಬೇಕು.

ಸ್ಪ್ರಿಂಟ್ ಅಭ್ಯಾಸ ಬದಲಾಯಿಸುವುದು ಇದನ್ನೇ. ದೊಡ್ಡ ಯೂನಿಟ್‌ಗಳು ಬೇಗ ಏಳುತ್ತವೆ, ನರದಿಂದ ಸಂದೇಶಗಳು ಒಂದರ ಹಿಂದೆ ಒಂದು ಹೆಚ್ಚು ದಟ್ಟವಾಗಿ ಬರುತ್ತವೆ. ತೊಡೆಯ ಮುಂಭಾಗ ಎಳೆಯುವಾಗ ಹಿಂಭಾಗ ಸರಿಯಾದ ಹೊತ್ತಿಗೆ ಸಡಿಲ ಬಿಡುವುದನ್ನು ಕಲಿಯುತ್ತದೆ. ಒಳ್ಳೆಯ ಸ್ಪ್ರಿಂಟರ್‌ನ ಪಾದ ಪೂರ್ತಿ ವೇಗದಲ್ಲಿ ನೆಲಕ್ಕೆ ತಾಗಿರುವುದು ಸುಮಾರು 0.1 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಬಲ ಹಾಕಿ ಮುಗಿಯಬೇಕು. ಸ್ನಾಯು ಎಷ್ಟೇ ದಪ್ಪ ಇರಲಿ, ನರ ಅದನ್ನು ಅಷ್ಟು ಬೇಗ ಎಬ್ಬಿಸದಿದ್ದರೆ ಪ್ರಯೋಜನ ಇಲ್ಲ. ಹೊಸದಾಗಿ ಶುರು ಮಾಡಿದವರಿಗೆ ಮೊದಲ ಕೆಲವು ವಾರಗಳಲ್ಲಿ ಸ್ನಾಯು ದಪ್ಪವಾಗದೆಯೇ ಬಲ ಏರುವುದು ಇದೇ ಕಾರಣಕ್ಕೆ.

ದೂರದ ಓಟದ ಕೆಲಸ ಬೇರೆ. ಸ್ನಾಯು ಎಳೆಯ ಸುತ್ತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಎಳೆಯ ಒಳಗೆ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಡುವ ಸಣ್ಣ ಘಟಕಗಳು ಅವು. 1967ರಲ್ಲಿ ಜಾನ್ ಹೊಲೊಸ್ಜಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವಿನಲ್ಲಿ ಈ ಸಾಮರ್ಥ್ಯ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಅಂತ ತೋರಿಸಿದರು. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಕೊಬ್ಬನ್ನು ಉರಿಸುವ ಶಕ್ತಿ ಬೆಳೆಯುತ್ತದೆ.

ನರದಲ್ಲೂ ಗುರುತು ಬೀಳುತ್ತದೆ. ಮಂಡಿಯ ಹಿಂದಿನ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಮೀನಖಂಡ ಎಷ್ಟು ಮಿಡಿಯುತ್ತದೆ ಅಂತ ಅಳೆಯುವ ಒಂದು ಪರೀಕ್ಷೆ ಇದೆ, ಎಚ್-ರಿಫ್ಲೆಕ್ಸ್ ಅಂತ ಹೆಸರು. ಬೆನ್ನುಹುರಿಯ ಮಟ್ಟದಲ್ಲೇ ನರ ಎಷ್ಟು ಸುಲಭವಾಗಿ ಎಚ್ಚರಗೊಳ್ಳುತ್ತದೆ ಅನ್ನುವುದು ಇದರಲ್ಲಿ ತಿಳಿಯುತ್ತದೆ. ದೂರದ ಓಟಗಾರರಲ್ಲಿ ಇದು ಸಾಮಾನ್ಯವಾಗಿ ದೊಡ್ಡದು, ಸ್ಪ್ರಿಂಟ್ ಮತ್ತು ಜಿಗಿತದವರಲ್ಲಿ ಚಿಕ್ಕದು. ಬೇಗ ಏಳುವ ಸಣ್ಣ ನರಕೋಶಗಳ ಪಾಲು ದೂರದ ಓಟಗಾರರಲ್ಲಿ ಹೆಚ್ಚು ಅನ್ನುವುದು ಒಂದು ವಿವರಣೆ.

"ಹಾಗಾದರೆ ನಿಧಾನ ಎಳೆ ವೇಗದ ಎಳೆ ಆಗುತ್ತದಾ?" ಇದೂ ದಿನಾ ಬರುವ ಪ್ರಶ್ನೆ. 2ಎಕ್ಸ್ ಎಳೆ ತರಬೇತಿಯಿಂದ 2ಎ ಆಗುವುದು ಸಾಮಾನ್ಯ, ಸ್ಪ್ರಿಂಟ್ ಮಾಡಿದರೂ ಆಗುತ್ತದೆ, ದೂರ ಓಡಿದರೂ ಆಗುತ್ತದೆ. ನಿಧಾನ ಎಳೆ ಪೂರ್ತಿ ವೇಗದ್ದಾಗಿ ಬದಲಾಗುವುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಹುಟ್ಟಿನಿಂದ ಬಂದ ಪಾಲು ಅಂತ ಒಂದಿದೆ. ಆದರೆ ಆ ಮಾತನ್ನು ಅತಿಯಾಗಿ ಎಳೆಯುವವರೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜಾಸ್ತಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದಲ್ಲಿ ಆರಿಸಿ ತರಬೇತಿ ಕೊಟ್ಟಿತ್ತು, ಒಳ್ಳೆಯ ಓಟಗಾರರು ಬಂದರು. ಅದಕ್ಕೆ "ಆಫ್ರಿಕಾದ ರಕ್ತ" ಅಂತ ಕಾರಣ ಹೇಳಿ ಮುಗಿಸಿಬಿಡುತ್ತಾರೆ. ಹಾಸ್ಟೆಲ್ ಊಟ, ಕೋಚ್, ದಿನವೂ ತಪ್ಪದ ಅಭ್ಯಾಸ ಸಿಕ್ಕಿತ್ತು ಅನ್ನುವುದನ್ನು ಯಾರೂ ಎತ್ತುವುದಿಲ್ಲ. ಯೋಜನೆ ನಿಂತಾಗ ಎಷ್ಟೋ ಮಕ್ಕಳ ಓಟವೂ ನಿಂತಿತು, ರಕ್ತ ಅದೇ ಇತ್ತಲ್ವಾ?

ಹಂತ 1: ಎಲ್ಲಿ ಕೊರತೆ ಇದೆ ಅಂತ ಅಳೆಯಿರಿ

ಒಂದು ದಿನ ಚೆನ್ನಾಗಿ ಮೈ ಬಿಸಿ ಮಾಡಿಕೊಂಡು 200 ಮೀಟರ್ ಪೂರ್ತಿ ಜೋರಾಗಿ ಓಡಿ. ಎರಡು ದಿನ ಬಿಟ್ಟು 1600 ಓಡಿ. ಎರಡಕ್ಕೂ ಬೇರೆಯವರ ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್ ಕೊಡಿ. ಆಮೇಲೆ 1600ರ ಸಮಯವನ್ನು ಸೆಕೆಂಡಿಗೆ ತಂದು 8ರಿಂದ ಭಾಗಿಸಿ.

6 ನಿಮಿಷ 40 ಸೆಕೆಂಡ್ ಅಂದರೆ 400 ಸೆಕೆಂಡ್, ಒಂದೊಂದು 200ಕ್ಕೆ 50 ಸೆಕೆಂಡ್. ನಿಮ್ಮ ಪೂರ್ತಿ ಜೋರಿನ 200 ಮೀಟರ್ 30 ಸೆಕೆಂಡ್ ಇದ್ದರೆ ವೇಗ ಸಾಕಷ್ಟಿದೆ, ಅದನ್ನು ಹಿಡಿದಿಡುವ ತಾಳಿಕೆ ಇಲ್ಲ. ನಿಧಾನ ಓಟ ಹೆಚ್ಚಿಸಬೇಕು. ಪೂರ್ತಿ ಜೋರಿನ 200ಕ್ಕೇ 40 ಸೆಕೆಂಡ್ ಬೇಕಾದರೆ ಕಥೆ ಬೇರೆ. 5:30ರ ಗುರಿಗೆ ಪ್ರತಿ 200 ಮೀಟರನ್ನು 41 ಸೆಕೆಂಡಿನಲ್ಲಿ ಎಂಟು ಸಲ ಓಡಬೇಕು. ಒಂದು ಸಲ ಜೀವ ಬಿಟ್ಟು ಓಡಿದರೆ ಬರುವ ವೇಗವನ್ನು ಎಂಟು ಸಲ ಹೇಗೆ ಹಿಡಿಯುತ್ತೀರಿ? ಅಂಥವರಿಗೆ ಸ್ಪ್ರಿಂಟ್ ಬೇಕೇ ಬೇಕು.

ನಾನು ನೋಡಿದ ಹುಡುಗರಲ್ಲಿ ಹೆಚ್ಚಿನವರು ಮೊದಲ ಗುಂಪಿನವರು. ಆದರೆ ಎಲ್ಲರಿಗೂ ಆಸೆ ಸ್ಪ್ರಿಂಟ್ ಮೇಲೆ. 1600 ಮೀಟರ್ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಬರುವುದು ಆಮ್ಲಜನಕದ ದಾರಿಯಿಂದ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಹಂತ 2: ನೆಲ ಆರಿಸಿ

ಕರಾವಳಿಯವರಿಗೆ ಕಡಲ ದಂಡೆ ಪುಕ್ಕಟೆ ಮೈದಾನ. ಕಾರವಾರದ ಟ್ಯಾಗೋರ್ ಕಡಲತೀರವೇ ಇರಲಿ, ಗೋಕರ್ಣ, ಹೊನ್ನಾವರದ ಕಾಸರಕೋಡೇ ಇರಲಿ, ನೀರು ಇಳಿದ ಹೊತ್ತಿನಲ್ಲಿ ಅಲೆಯ ಹತ್ತಿರದ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ನಿಧಾನ ಓಟಕ್ಕೆ ಅದು ಒಳ್ಳೆಯದು. ಇಳಿತದ ಸಮಯ ಮೀನುಗಾರರನ್ನು ಕೇಳಿ, ಸರಿಯಾಗಿ ಹೇಳುತ್ತಾರೆ. ಎರಡು ಎಚ್ಚರಿಕೆ. ದಂಡೆ ಸಮುದ್ರದ ಕಡೆಗೆ ಇಳಿಜಾರು, ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಯಾವಾಗಲೂ ಕೆಳಗೆ, ಮಂಡಿಯ ಹೊರಭಾಗ ನೋಯಲು ಶುರುವಾಗುತ್ತದೆ. ಆದ್ದರಿಂದ ಹೋದಷ್ಟೇ ದೂರ ವಾಪಸ್ ಬನ್ನಿ. ಬರಿಗಾಲಲ್ಲಿ ಓಡುವವರು ಗಾಳದ ಕೊಕ್ಕೆ, ಒಡೆದ ಬಾಟಲಿ ನೋಡಿಕೊಳ್ಳಿ.

ಒಣ ಮೆದು ಮರಳಲ್ಲಿ ಸ್ಪ್ರಿಂಟ್ ಹೊಡೆದರೆ ಕಾಲು ಗಟ್ಟಿಯಾಗುತ್ತದೆ ಅಂತ ನಂಬಿಕೆ ಇದೆ. ಉಸಿರಿಗೆ, ಬಲಕ್ಕೆ ಅದು ಒಳ್ಳೆಯ ಕೆಲಸವೇ. ಆದರೆ ಪಾದ ಹೂತು ಹೋಗುತ್ತದೆ, ನೆಲದ ಮೇಲೆ ನಿಲ್ಲುವ ಹೊತ್ತು ಉದ್ದವಾಗುತ್ತದೆ. ನರ ಕಲಿಯಬೇಕಾದದ್ದು ಬೇಗ ಬಲ ಹಾಕಿ ಬೇಗ ಬಿಡುವುದನ್ನು. ಮರಳು ಅದನ್ನು ಕಲಿಸುವುದಿಲ್ಲ. ಸ್ಪ್ರಿಂಟಿಗೆ ಗಟ್ಟಿ ಮೈದಾನ ಹುಡುಕಿ. ಚಿರೇಕಲ್ಲಿನ ಮೈದಾನ ಆದರೆ ಹರಳು ಗುಡಿಸಿದ ಭಾಗದಲ್ಲೇ ಓಡಿ, ಜಾರಿದರೆ ಮಂಡಿ ಸಿಪ್ಪೆ ಎದ್ದು ಹೋಗುತ್ತದೆ.

ಘಟ್ಟದ ಮೇಲಿನವರಿಗೆ ಏರು ಬೇಕಾದಷ್ಟಿದೆ. ಆದರೆ ದೇವಿಮನೆ ಘಟ್ಟದಂಥ ಲಾರಿ ಓಡುವ ರಸ್ತೆಯಲ್ಲಾಗಲಿ, ಕೆಳಗೆ ಹೆದ್ದಾರಿ 66ರ ಅಂಚಿನಲ್ಲಾಗಲಿ ಕತ್ತಲಲ್ಲಿ ಅಭ್ಯಾಸ ಬೇಡ. ಊರೊಳಗಿನ, ಕೇರಿಗೆ ಹೋಗುವ 80-100 ಮೀಟರಿನ ಏರು ಸಾಕು. ಶಿರಸಿ, ಸಿದ್ದಾಪುರದ ಕಾಡಿನ ಕಾಲುದಾರಿಯಲ್ಲಿ ಓಡುವವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಉಂಬಳ ಕಚ್ಚಿದರೆ ಕೆರೆತ ಅಷ್ಟೇ, ಚಳಿಗಾಲದಿಂದ ಬೇಸಿಗೆವರೆಗೆ ಉಣುಗಿನಿಂದ ಮಂಗನ ಕಾಯಿಲೆಯ ಭಯ ಇದೆ. ಕಾಯಿಲೆ ಕಾಣಿಸಿದ ಊರುಗಳ ಕಾಡಿಗೆ ಆ ತಿಂಗಳುಗಳಲ್ಲಿ ಹೋಗಲೇಬೇಡಿ.

ಹಂತ 3: ಮೊದಲ ನಾಲ್ಕು ವಾರ, ನಿಧಾನ

ವಾರಕ್ಕೆ ನಾಲ್ಕು ದಿನ, 20-25 ನಿಮಿಷದಿಂದ ಶುರು ಮಾಡಿ ಮೆಲ್ಲಗೆ 40 ನಿಮಿಷದ ಕಡೆಗೆ ಏರಿಸಿ. ವೇಗ ಎಷ್ಟು? ಪಕ್ಕದವರ ಜತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. 6:30ಕ್ಕೆ 1600 ಓಡುವವರಿಗೆ ಇದು ಕಿಲೋಮೀಟರಿಗೆ 6ರಿಂದ 7 ನಿಮಿಷದ ಆಸುಪಾಸು ಬರುತ್ತದೆ. ನಾಚಿಕೆ ಆಗುವಷ್ಟು ನಿಧಾನ ಅನಿಸುತ್ತದೆ, ಗೊತ್ತು. ಬೀಚಿನಲ್ಲಿ ವಾಕಿಂಗ್ ಬಂದ ಅಜ್ಜ ಪಕ್ಕದಲ್ಲೇ ದಾಟಿ ಹೋದರೂ ಸರಿ, ವೇಗ ಹೆಚ್ಚಿಸಬೇಡಿ. ದೊಡ್ಡ ದೊಡ್ಡ ಓಟಗಾರರ ತರಬೇತಿಯನ್ನು ನೋಡಿದ ಸ್ಟೀಫನ್ ಸೈಲರ್ ಎಂಬ ಸಂಶೋಧಕರು, ಅವರ ಹತ್ತು ಅವಧಿಗಳಲ್ಲಿ ಸುಮಾರು ಎಂಟು ಹೀಗೆ ಹಗುರವಾಗಿಯೇ ಇರುತ್ತವೆ ಅಂತ ಕಂಡರು.

ಇಲ್ಲೊಂದು ಬಲೆ ಇದೆ, ಹೆಚ್ಚಿನವರು ಬೀಳುವುದು ಇಲ್ಲೇ. ಒಂದೆರಡು ವಾರದಲ್ಲೇ ರಕ್ತದಲ್ಲಿನ ನೀರಿನ ಅಂಶ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ನಾಡಿ ಬಡಿತ ಇಳಿಯುತ್ತದೆ, ಓಟ ಹಗುರ ಅನಿಸುತ್ತದೆ. "ಫಿಟ್ ಆದೆ" ಅಂತ ಒಮ್ಮೆಲೇ ದೂರ ಎರಡರಷ್ಟು ಮಾಡುತ್ತಾರೆ. ಎಲುಬು ಮತ್ತು ಹಿಮ್ಮಡಿಯ ಮೇಲಿನ ಗಟ್ಟಿ ಹುರಿ, ಅಕಿಲಿಸ್ ಟೆಂಡನ್ ಅನ್ನುತ್ತಾರಲ್ಲ, ಅವು ಅಷ್ಟು ಬೇಗ ತಯಾರಾಗುವುದಿಲ್ಲ. ಮೂರನೇ ವಾರಕ್ಕೆ ಮಂಡಿ ಕೆಳಗಿನ ಮುಂದಿನ ಎಲುಬು ನೋಯಲು ಶುರು. ಆದ್ದರಿಂದ ಉಸಿರು ಏನೇ ಹೇಳಲಿ, ವಾರಕ್ಕೆ ಒಟ್ಟು 10-15 ನಿಮಿಷಕ್ಕಿಂತ ಜಾಸ್ತಿ ಸೇರಿಸಬೇಡಿ.

ಎರಡನೇ ವಾರದಿಂದ ಎರಡು ದಿನ ಓಟದ ಕೊನೆಗೆ 80 ಮೀಟರಿನ ನಾಲ್ಕು ಸ್ಟ್ರೈಡ್ ಹಾಕಿ. ಸ್ಟ್ರೈಡ್ ಅಂದರೆ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ವೇಗದ, ಬಿಗಿ ಇಲ್ಲದ ಓಟ. ಮುಂದಿನ ಹಂತಕ್ಕೆ ನರಕ್ಕೆ ಪರಿಚಯ ಆಗಲಿ ಅಂತ.

ಹಂತ 4: ಸ್ಪ್ರಿಂಟ್, ವಾರಕ್ಕೆ ಎರಡೇ ದಿನ

ಐದನೇ ವಾರದಿಂದ. ಹಿಂದಿನ ದಿನ ವಿಶ್ರಾಂತಿ ಅಥವಾ ನಿಧಾನ ಓಟ ಇರಬೇಕು.

ಮೊದಲು 15-20 ನಿಮಿಷ ಮೈ ಬಿಸಿ ಮಾಡಿ: ಜಾಗಿಂಗ್, ಕಾಲು ಬೀಸುವುದು, ಮಂಡಿ ಎತ್ತಿ ಕುಪ್ಪಳಿಸುವುದು, ಮೂರು ಸ್ಟ್ರೈಡ್. ತಣ್ಣಗಿರುವ ಕಾಲಿನಲ್ಲಿ ನರದ ಸಂದೇಶವೂ ನಿಧಾನ, ಸ್ನಾಯು ಎಳೆಯುವುದೂ ನಿಧಾನ. ಶಿರಸಿಯಲ್ಲಿ ಡಿಸೆಂಬರ್ ಬೆಳಗಿನ ಮಂಜಿನಲ್ಲಿ ಬಂದವರೇ ಸ್ಪ್ರಿಂಟ್ ಹೊಡೆಯುವವರನ್ನು ನೋಡಿದರೆ ನನಗೆ ಅವರ ತೊಡೆಯದೇ ಚಿಂತೆ.

ಮೊದಲ ಎರಡು ವಾರ ಏರಿನಲ್ಲಿ ಮಾತ್ರ. 8 ಸೆಕೆಂಡ್ ಪೂರ್ತಿ ಜೋರು, ನಡೆದು ಇಳಿದು ಬನ್ನಿ, ಕಡಿಮೆ ಅಂದರೂ 2 ನಿಮಿಷ ಬಿಡಿ. ನಾಲ್ಕರಿಂದ ಶುರು ಮಾಡಿ ಎಂಟಕ್ಕೆ ಏರಿಸಿ. ಏರಿನಲ್ಲಿ ದೊಡ್ಡ ಮೋಟಾರ್ ಯೂನಿಟ್‌ಗಳು ಏಳುತ್ತವೆ, ಆದರೆ ವೇಗ ಕಡಿಮೆ ಇರುವುದರಿಂದ ತೊಡೆಯ ಹಿಂಭಾಗದ ಸ್ನಾಯು ಹರಿಯುವ ಅಪಾಯ ಕಡಿಮೆ. ಆಮೇಲೆ ಸಮತಟ್ಟು ನೆಲಕ್ಕೆ ಬನ್ನಿ: 30 ಮೀಟರ್ ನಾಲ್ಕು ಸಲ, 60 ಮೀಟರ್ ಮೂರು ಸಲ. ಅಷ್ಟೇ. ಒಟ್ಟು 300 ಮೀಟರ್ ಆಯಿತು.

"ಇಷ್ಟೇನಾ?" ಅಂತ ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೇ. ಆದರೆ ನಡುವೆ ಬಿಡುವು ಪೂರ್ತಿ ಬೇಕು. ಕೋಚ್‌ಗಳ ಲೆಕ್ಕ: ಓಡಿದ ಪ್ರತಿ 10 ಮೀಟರಿಗೆ ಒಂದು ನಿಮಿಷ. 30 ಓಡಿದರೆ 3 ನಿಮಿಷ, 60 ಓಡಿದರೆ 6 ನಿಮಿಷ. ಪೂರ್ತಿ ಜೋರಿನ ಓಟಕ್ಕೆ ತಕ್ಷಣದ ಶಕ್ತಿ ಕೊಡುವುದು ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್. ಸುಮಾರು ಹತ್ತು ಸೆಕೆಂಡಿನಲ್ಲಿ ಅದು ಹೆಚ್ಚುಕಡಿಮೆ ಖಾಲಿ, ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಅದು ತುಂಬುವ ಮೊದಲೇ ಮತ್ತೆ ಓಡಿದರೆ ವೇಗ ಇಳಿಯುತ್ತದೆ. ಇಳಿದ ವೇಗದಲ್ಲಿ ನೀವು ನರಕ್ಕೆ ಕಲಿಸುವುದು ನಿಧಾನ ಓಡುವುದನ್ನೇ.

30 ಸೆಕೆಂಡ್ ಬಿಡುವಿನಲ್ಲಿ ಹತ್ತು ಸಲ 100 ಮೀಟರ್ ಹೊಡೆದು, ಹುಲ್ಲಿನ ಮೇಲೆ ವಾಂತಿ ಮಾಡಿ, "ಇವತ್ತು ಸ್ಪ್ರಿಂಟ್ ಆಯ್ತು" ಅನ್ನುವವರಿದ್ದಾರೆ. ಅದು ಸ್ಪ್ರಿಂಟ್ ಅಲ್ಲ. ಬೇರೆ ಏನೋ ತರಬೇತಿ, ಅದಕ್ಕೂ ಜಾಗ ಇದೆ, ಆದರೆ ಆ ಹೆಸರಿನಲ್ಲಿ ಅಲ್ಲ. ನಿಮ್ಮ ಮೊದಲ 30 ಮೀಟರ್ 4.5 ಸೆಕೆಂಡ್ ಬಂದು, ಮುಂದಿನದು 4.7 ಆದರೆ ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಿ. ಉಸಿರು ಚೆನ್ನಾಗೇ ಇರುತ್ತದೆ, ಇನ್ನೂ ಓಡಬಹುದು ಅನಿಸುತ್ತದೆ. ಬೇಡ.

ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ವ್ಯಾಯಾಮ ಸೇರಿಸಿ. ಮಂಡಿಯೂರಿ ಕುಳಿತು, ಗೆಳೆಯ ಹಿಮ್ಮಡಿ ಒತ್ತಿ ಹಿಡಿದಾಗ, ಸೊಂಟ ಬಾಗಿಸದೆ ಮೈಯನ್ನು ಮೆಲ್ಲಗೆ ಮುಂದಕ್ಕೆ ಬಿಡುವುದು, ತಡೆಯಲಾಗದಾಗ ಕೈ ಊರುವುದು. ವಾರಕ್ಕೆ ಎರಡು ಸಲ, ಐದೈದು. ಮೊದಲ ವಾರ ಮೆಟ್ಟಿಲು ಇಳಿಯುವಾಗ ನೆನಪಾಗುತ್ತದೆ, ಆಮೇಲೆ ಸರಿಹೋಗುತ್ತದೆ. ಈ ಸ್ನಾಯುವಿನ ಗಾಯ ಕಡಿಮೆ ಮಾಡುವ ವಿಷಯದಲ್ಲಿ ಇಷ್ಟು ಗಟ್ಟಿ ಪುರಾವೆ ಇರುವ ವ್ಯಾಯಾಮ ಬೇರೆ ಕಡಿಮೆ.

ಹಂತ 5: ಗುರಿಯ ವೇಗ

ಏಳನೇ ವಾರದಿಂದ ವಾರಕ್ಕೊಮ್ಮೆ. 5:30 ಬೇಕಾದವರು 400 ಮೀಟರನ್ನು 82 ಸೆಕೆಂಡಿನಲ್ಲಿ, 6:30 ಸಾಕು ಅನ್ನುವವರು 97 ಸೆಕೆಂಡಿನಲ್ಲಿ, ನಾಲ್ಕರಿಂದ ಆರು ಸಲ, ನಡುವೆ 2 ನಿಮಿಷ ನಡಿಗೆ. ಕೊನೆಯದು ಮೊದಲಿನದಕ್ಕಿಂತ 4-5 ಸೆಕೆಂಡ್ ನಿಧಾನ ಆದರೆ ಗುರಿ ಸದ್ಯಕ್ಕೆ ದೊಡ್ಡದಾಯಿತು ಅಂತ ಅರ್ಥ. ಸ್ವಲ್ಪ ಇಳಿಸಿಕೊಳ್ಳಿ.

ಮೊಬೈಲಿನಲ್ಲಿ ನೋಡಿ ಬಂದವರು ಇಲ್ಲೊಂದು ವಾದ ಹೂಡುತ್ತಾರೆ: 30 ಸೆಕೆಂಡಿನ ಪೂರ್ತಿ ಜೋರಿನ ಅಭ್ಯಾಸ ನಾಲ್ಕಾರು ಸಲ ಮಾಡಿದರೆ ದೂರದ ಓಟದ ಲಾಭವೂ ಬರುತ್ತದಂತೆ, ಮತ್ತೆ ನಿಧಾನ ಓಟ ಯಾಕೆ? ಕೆನಡಾದ ಮಾರ್ಟಿನ್ ಗಿಬಾಲಾ ಅವರ ತಂಡ ಸೈಕಲ್ ಮೇಲೆ ಇದನ್ನು ಮಾಡಿಸಿ, ಸ್ನಾಯುವಿನ ಆಮ್ಲಜನಕ ಬಳಕೆಯ ಸಾಮರ್ಥ್ಯ ಏರುವುದನ್ನು ತೋರಿಸಿದ್ದು ನಿಜ. ಸೈಕಲ್ ಮೇಲೆ ಅನ್ನುವುದನ್ನು ಮರೆಯುತ್ತಾರೆ. ಅಲ್ಲಿ ಪಾದ ನೆಲಕ್ಕೆ ಅಪ್ಪಳಿಸುವುದಿಲ್ಲ. ನಿಮ್ಮ ಎಲುಬು, ಟೆಂಡನ್ ಓಟದ ಹೊಡೆತಕ್ಕೆ ಒಗ್ಗಬೇಕಾದರೆ ನಿಧಾನ ಓಟವೇ ಬೇಕು.

ಹಂತ 6: ವಾರವನ್ನು ಜೋಡಿಸುವುದು

ಸೋಮವಾರ ಸ್ಪ್ರಿಂಟ್, ಮಂಗಳವಾರ ನಿಧಾನ ಓಟ, ಬುಧವಾರ ಗುರಿಯ ವೇಗದ 400ಗಳು, ಗುರುವಾರ ರಜೆ, ಶುಕ್ರವಾರ ಸ್ಪ್ರಿಂಟ್, ಶನಿವಾರ ಹಗುರ ಓಟ ಅಥವಾ ಈಜು, ಭಾನುವಾರ 45-60 ನಿಮಿಷ ನಿಧಾನ. ಭಾನುವಾರದ ದೂರ ಮರುದಿನ ಕಾಲಲ್ಲಿ ಉಳಿಯುತ್ತದೆ ಅನ್ನುವವರು ಸೋಮವಾರದ ಸ್ಪ್ರಿಂಟನ್ನು ಮಂಗಳವಾರಕ್ಕೆ ತಳ್ಳಿ, ಮಂಗಳವಾರದ ನಿಧಾನ ಓಟವನ್ನು ಸೋಮವಾರಕ್ಕೆ ತಂದುಕೊಳ್ಳಿ. ಹಂತ 1ರಲ್ಲಿ ತಾಳಿಕೆಯ ಕೊರತೆ ಕಂಡವರು ಶುಕ್ರವಾರದ ಸ್ಪ್ರಿಂಟ್ ಬಿಟ್ಟು ನಿಧಾನ ಓಟ ಹಾಕಿಕೊಳ್ಳಿ.

ಒಂದೇ ದಿನ ಎರಡೂ ಮಾಡಲೇಬೇಕಾದ ಪರಿಸ್ಥಿತಿ ಇದ್ದರೆ ಸ್ಪ್ರಿಂಟ್ ಮೊದಲು, ಓಟ ಆಮೇಲೆ. ಸಾಧ್ಯವಾದರೆ ಒಂದು ಬೆಳಿಗ್ಗೆ, ಇನ್ನೊಂದು ಸಂಜೆ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಹತ್ತು ವಾರ ಒಂದು ಗುಂಪಿಗೆ ಬಲದ ತರಬೇತಿ, ಒಂದು ಗುಂಪಿಗೆ ತಾಳಿಕೆಯ ತರಬೇತಿ, ಮೂರನೆಯದಕ್ಕೆ ಎರಡನ್ನೂ ಕೊಟ್ಟರು. ಎರಡನ್ನೂ ಮಾಡಿದವರ ತಾಳಿಕೆಗೆ ಏನೂ ಆಗಲಿಲ್ಲ, ಬಲ ಮಾತ್ರ ಏಳೆಂಟು ವಾರದ ಹೊತ್ತಿಗೆ ನಿಂತು ಇಳಿಯತೊಡಗಿತು. ಅದು ಭಾರಿ ಪ್ರಮಾಣದ ತರಬೇತಿ, ನಿಮ್ಮದು ಅಷ್ಟಿರುವುದಿಲ್ಲ. ಆದರೂ ಇವೆರಡರ ಜಗಳದಲ್ಲಿ ಸೋಲುವುದು ಸಾಮಾನ್ಯವಾಗಿ ಬಲ ಮತ್ತು ವೇಗ, ತಾಳಿಕೆ ಅಲ್ಲ.

ನಾಲ್ಕನೇ ವಾರಕ್ಕೊಮ್ಮೆ ಎಲ್ಲವನ್ನೂ ಅರ್ಧ ಮಾಡಿ.

ಹಂತ 7: ಊಟ, ನೀರು, ಸೆಕೆ

ಬೆಳಿಗ್ಗೆ ಓಟಕ್ಕೆ ಮೊದಲು ಒಂದು ಬಾಳೆಹಣ್ಣು ಸಾಕು. ಬಂದ ಮೇಲೆ ಗಂಜಿ, ಮೊಟ್ಟೆ, ಮೀನು ತಿನ್ನುವವರಾದರೆ ಬಾಂಗಡೆ, ತಾರ್ಲೆ ಇರುವಾಗ ಡಬ್ಬದ ಪ್ರೋಟೀನ್ ಪುಡಿಗೆ ದುಡ್ಡು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ತಿನ್ನದವರು ಬೇಳೆ, ಹೆಸರುಕಾಳು, ಹಾಲು, ಮೊಸರು ಜಾಸ್ತಿ ಮಾಡಿ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಇದ್ದರೆ ಸಾಕು. ಓಡುವ ಹುಡುಗಿಯರು ಒಮ್ಮೆ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಉಸಿರು ಸಿಗುವುದಿಲ್ಲ, ಸುಮ್ನೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಏಳು ಗಂಟೆಯೊಳಗೆ ಮುಗಿಸಿ. ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ ಒಳ್ಳೆಯದು. ಬರೀ ನೀರನ್ನೇ ಲೀಟರುಗಟ್ಟಲೆ ಒಮ್ಮೆಲೇ ಕುಡಿಯುವುದು ಒಳ್ಳೆಯದಲ್ಲ. ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಶಿರಸಿ, ಯಲ್ಲಾಪುರದವರು ಕಾರವಾರದಲ್ಲಿ ಓಡಬೇಕಾಗಿ ಬಂದರೆ ಹಿಂದಿನ ರಾತ್ರಿ ಬಸ್ಸು ಹತ್ತಿ ಬಂದು ಬೆಳಿಗ್ಗೆ ಓಡುವುದರಲ್ಲಿ ಕಷ್ಟ ಇದೆ. ನೆಂಟರ ಮನೆ ಇದ್ದರೆ ಒಂದು ವಾರ ಮೊದಲೇ ಘಟ್ಟ ಇಳಿಯಿರಿ. ಆಗದಿದ್ದರೆ ಊರಲ್ಲೇ ಕೆಲವು ದಿನ ಬಿಸಿಲೇರಿದ ಮೇಲೆ ನಿಧಾನ ಓಟ ಮಾಡಿ.

ಹಂತ 8: ಯಾವ ನೋವು ಸರಿ, ಯಾವುದು ಅಲ್ಲ

ಹೊಸ ಅಭ್ಯಾಸದ ಮರುದಿನ, ಅದರ ಮರುದಿನ ಎರಡೂ ಕಾಲಿನ ಮಾಂಸಖಂಡ ಒಂದೇ ರೀತಿ ನೋಯುವುದು ಸಹಜ. ಅದಕ್ಕೆ ಜೋರು ಓಟದಲ್ಲಿ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟಿಕ್ ಆಸಿಡ್ (ಲ್ಯಾಕ್ಟೇಟ್) ಕಾರಣ ಅನ್ನುತ್ತಾರೆ, ಆದರೆ ಓಡಿದ ಒಂದು ಗಂಟೆಯೊಳಗೆ ಅದು ಇಳಿದುಹೋಗಿರುತ್ತದೆ. ಎಳೆಗಳಿಗೆ ಆದ ಸಣ್ಣ ಪೆಟ್ಟಿನ ನೋವು ಅದು.

ಇವನ್ನು ಸಹಿಸಬೇಡಿ: ಒಂದೇ ಕಾಲಿನಲ್ಲಿ ಒಂದು ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಎಲುಬಿನ ನೋವು, ಸ್ಪ್ರಿಂಟ್ ನಡುವೆ ತೊಡೆ ಹಿಂದೆ ಚಟ್ ಅಂದ ಹಾಗೆ ಆಗುವುದು, ಸೊಂಟದಿಂದ ಕಾಲಿಗೆ ಇಳಿಯುವ ಜೋಮು, ಪಾದ ಎತ್ತಲು ಆಗದಿರುವುದು. ಕೊನೆಯದು ನರದ ತೊಂದರೆ, ವೈದ್ಯರಿಗೆ ಅವತ್ತೇ ತೋರಿಸಿ. ವಿಪರೀತ ಅಭ್ಯಾಸದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಕಿಡ್ನಿಗೆ ಹೊರೆ ಬೀಳುತ್ತಿದೆ ಅಂತ ಅರ್ಥ. ನೇರ ಆಸ್ಪತ್ರೆಗೆ. ಎದೆ ನೋವು, ಓಡುವಾಗ ತಲೆ ತಿರುಗಿ ಬೀಳುವುದು ಕೂಡ ಹಾಗೇ.

ರ‍್ಯಾಲಿ ದಿನ ಬೆಳಿಗ್ಗೆ ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ಹುಡುಗರಲ್ಲಿ ಇದೆ. ಬೆವರಿ ನೀರಿಳಿದ ಮೈಗೆ ಆ ಮಾತ್ರೆ ಕಿಡ್ನಿಯ ಮೇಲೆ ಭಾರ, ನೋವು ಗೊತ್ತಾಗದೆ ಗಾಯ ದೊಡ್ಡದಾಗುವುದು ಬೇರೆ. ಇಂಜೆಕ್ಷನ್ ಮಾರುವವರನ್ನಂತೂ ಹತ್ತಿರಕ್ಕೂ ಬಿಡಬೇಡಿ.

ಹಂತ 9: ಕೊನೆಯ ಹತ್ತು ದಿನ ಮತ್ತು ಆ ದಿನ

ಓಡುವ ಒಟ್ಟು ದೂರವನ್ನು ಅರ್ಧಕ್ಕೆ ಇಳಿಸಿ, ವೇಗವನ್ನು ಇಳಿಸಬೇಡಿ. ಎರಡು ದಿನಕ್ಕೊಮ್ಮೆ 60 ಮೀಟರಿನ ಎರಡು ಮೂರು ಓಟ ಇರಲಿ. ಗಳಿಸಿದ ತಾಳಿಕೆ ಹತ್ತು ದಿನದಲ್ಲಿ ಎಲ್ಲಿಗೂ ಹೋಗುವುದಿಲ್ಲ. "ಕೊನೆಗೊಂದು ಸಲ ಚೆಕ್ ಮಾಡೋಣ" ಅಂತ ಮೂರು ದಿನ ಮೊದಲು ಪೂರ್ತಿ 1600 ಓಡುವುದು ಬೇಡ.

ಆ ದಿನ ಗುಂಪಿನಲ್ಲಿ ಮೊದಲ 400 ಅನ್ನು ಎಲ್ಲರೂ 70 ಸೆಕೆಂಡಿಗೆ ಹೊಡೆಯುತ್ತಾರೆ, ನೀವು ಹೋಗಬೇಡಿ. 5:30 ಬೇಕಾದವರು 400ಕ್ಕೆ 82, 800ಕ್ಕೆ 2:45, 1200ಕ್ಕೆ 4:07 ನೋಡಿಕೊಳ್ಳಿ. ತಿರುವಿನಲ್ಲಿ ಹೊರಗಿನಿಂದ ದಾಟಲು ಹೋದರೆ ದೂರ ಹೆಚ್ಚಾಗುತ್ತದೆ, ನೇರ ಭಾಗಕ್ಕೆ ಬಂದ ಮೇಲೆ ದಾಟಿ. ಇಷ್ಟು ವಾರ ಸ್ಪ್ರಿಂಟ್ ಮಾಡಿ ಎಬ್ಬಿಸಿಟ್ಟ ದೊಡ್ಡ ಯೂನಿಟ್‌ಗಳನ್ನು ಕೊನೆಯ 200ರ ತನಕ ಮುಟ್ಟದೆ ಇಟ್ಟುಕೊಳ್ಳಿ, ಅಲ್ಲಿ ಕೈ ಜೋರಾಗಿ ಬೀಸಲು ಶುರು ಮಾಡಿ.